ಕಾಳಿನೊಳಗಿನ ಹರಳು

ಮಕ್ಕಳೇ, ಒಂದು ತುತ್ತು ಅನ್ನವನ್ನು ನುಂಗದೆ ಬಾಯಲ್ಲೇ ಚೆನ್ನಾಗಿ ಅಗಿಯುತ್ತಾ ಇರಿ. ಸ್ವಲ್ಪ ಹೊತ್ತಿನಲ್ಲಿ ಅದು ಸಿಹಿಯಾಗುತ್ತದೆ. ಸಕ್ಕರೆ ಹಾಕದೆಯೇ ಸಿಹಿ ಎಲ್ಲಿಂದ ಬಂತು? ಜೊಲ್ಲಿನಲ್ಲಿರುವ ಕಿಣ್ವವೊಂದು ಅನ್ನದ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಇಂತಹ ಬಗೆಬಗೆಯ ಕಿಣ್ವಗಳು ನಮ್ಮ ದೇಹದಲ್ಲೂ ಗಿಡಮರಗಳಲ್ಲೂ ಕೆಲಸ ಮಾಡುತ್ತಿವೆ. ಆದರೆ ಕಿಣ್ವವೆಂಬುದು ಎಂತಹ ವಸ್ತು? ಅದನ್ನು ಮೊದಲ ಬಾರಿಗೆ ಹರಳಿನ ರೂಪದಲ್ಲಿ ಬೇರ್ಪಡಿಸಿ ತೋರಿಸಿದವರು ಜೇಮ್ಸ್ ಸಮ್ನರ್.

ಸಮ್ನರ್ 1887ರ ನವೆಂಬರ್ 19ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿ ಹುಟ್ಟಿದರು. ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಬಿಟ್ಟರೆ ಶಾಲೆಯ ಬೇರೆ ಪಾಠಗಳು ಹುಡುಗನಿಗೆ ಹಿಡಿಸುತ್ತಿರಲಿಲ್ಲ. ಬೇಟೆಯೆಂದರೆ ಬಲು ಇಷ್ಟ. 17ನೆಯ ವಯಸ್ಸಿನಲ್ಲಿ ಬೇಟೆಗೆ ಹೋಗಿದ್ದಾಗ, ಜೊತೆಗಾರನ ಕೋವಿಯ ಗುಂಡು ಆಕಸ್ಮಿಕವಾಗಿ ಅವನ ಎಡಗೈಗೆ ತಗುಲಿತು. ಮೊಣಕೈಯ ಕೆಳಗೆ ಕೈಯನ್ನೇ ತೆಗೆಯಬೇಕಾಯಿತು. ಸಮ್ನರ್ ಎಡಚ! ಎಲ್ಲ ಕೆಲಸಕ್ಕೂ ಅವನಿಗೆ ಅದೇ ಕೈ ಬೇಕಿತ್ತು. ಇನ್ನು ಬಲಗೈಯಲ್ಲಿ ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ಕಲಿತ. ಟೆನಿಸ್ ಕೂಡ ಆಡಿದ.

1910ರಲ್ಲಿ ಹಾರ್ವರ್ಡ್‌ನಲ್ಲಿ ಪದವಿ ಪಡೆದ ಮೇಲೆ ಸಂಶೋಧನೆಗಾಗಿ ಅವರು ಒಟ್ಟೊ ಫೋಲಿನ್ ಎಂಬ ಹೆಸರಾಂತ ಪ್ರಾಧ್ಯಾಪಕರ ಬಳಿಗೆ ಹೋದರು. ಒಂದೇ ಕೈಯವರಿಗೆ ರಸಾಯನಶಾಸ್ತ್ರ ಕಷ್ಟ, ಕಾನೂನು ಓದುವುದು ಒಳ್ಳೆಯದು ಎಂದು ಫೋಲಿನ್ ಬುದ್ಧಿ ಹೇಳಿದರು. ಸಮ್ನರ್ ಕೇಳಲಿಲ್ಲ. ಅದೇ ಗುರುಗಳ ಬಳಿ ಓದಿ 1914ರಲ್ಲಿ ಡಾಕ್ಟರೇಟ್ ಪಡೆದರು. ಆ ವರ್ಷವೇ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು.

ಅಲ್ಲಿ ಪಾಠ ಹೇಳುವ ಕೆಲಸವೇ ಬಹಳ. ಸಲಕರಣೆಗಳೂ ಕಡಿಮೆ. ಆದರೂ 1917ರಲ್ಲಿ ಅವರು ದೊಡ್ಡ ಕೆಲಸಕ್ಕೇ ಕೈಹಾಕಿದರು. ಹೊಲಕ್ಕೆ ಹಾಕುವ ಯೂರಿಯಾ ನಿಮಗೆ ಗೊತ್ತಲ್ಲವೇ? ಅದನ್ನು ಒಡೆಯುವ ಕಿಣ್ವದ ಹೆಸರು ಯೂರಿಯೇಸ್. ಅವರೆಯ ಜಾತಿಗೆ ಸೇರಿದ ಜ್ಯಾಕ್ ಬೀನ್ ಎಂಬ ದೊಡ್ಡ ಬಿಳಿ ಕಾಳಿನಲ್ಲಿ ಅದು ಹೇರಳವಾಗಿದೆ. ಆ ಕಾಳಿನ ಹಿಟ್ಟಿನಿಂದ ಯೂರಿಯೇಸನ್ನು ಬೇರ್ಪಡಿಸಲು ಸಮ್ನರ್ ಹೊರಟರು. ಹಿಟ್ಟನ್ನು ಮದ್ಯಸಾರ ಬೆರೆಸಿದ ನೀರಿನಲ್ಲಿ ಕಲಸಿ ಸೋಸಿದರು. ಸೋಸಿದ ದ್ರವ ತಣ್ಣಗಿರಬೇಕು. ಪ್ರಯೋಗಾಲಯದಲ್ಲಿ ಐಸ್ ಪೆಟ್ಟಿಗೆ ಇರಲಿಲ್ಲ. ಗಾಜಿನ ಜಾಡಿಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ರಾತ್ರಿ ಚಳಿ ಬೀಳಲಿ ಎಂದು ಹಾರೈಸುತ್ತಿದ್ದರು!

ಹೀಗೆ 9 ವರ್ಷ ಕಳೆಯಿತು. 1926ರಲ್ಲಿ ಮದ್ಯಸಾರದ ಬದಲು ಅಸಿಟೋನ್ ಎಂಬ ದ್ರವವನ್ನು ನೀರಿಗೆ ಬೆರೆಸಿ, ಅದರಲ್ಲಿ ಹಿಟ್ಟನ್ನು ಕಲಸಿದರು. ರಾತ್ರಿಯಿಡೀ ತಣ್ಣನೆಯ ಜಾಗದಲ್ಲಿ ಸೋಸಲು ಬಿಟ್ಟರು. ಬೆಳಿಗ್ಗೆ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಪುಟ್ಟ ಪುಟ್ಟ ಹರಳುಗಳು! ಅವನ್ನು ಯೂರಿಯಾಕ್ಕೆ ಬೆರೆಸಿದಾಗ ಅದು ಬಲು ಬೇಗ ಒಡೆಯಿತು. ಆ ಹರಳುಗಳು ಪ್ರೋಟೀನು ಎಂದೂ ಪರೀಕ್ಷೆಯಿಂದ ತಿಳಿಯಿತು. ಸಮ್ನರ್ ಕೂಡಲೇ ಹೆಂಡತಿಗೆ ಫೋನು ಮಾಡಿ ಸುದ್ದಿ ಹೇಳಿದರು.

ಹೊರಗಿನವರು ಅಷ್ಟು ಸುಲಭವಾಗಿ ನಂಬಲಿಲ್ಲ. ಜರ್ಮನಿಯ ರಿಚರ್ಡ್ ವಿಲ್‌ಸ್ಟ್ಯಾಟರ್ ಆಗಲೇ ನೊಬೆಲ್ ಪಡೆದಿದ್ದ ದೊಡ್ಡ ವಿಜ್ಞಾನಿ. ಕಿಣ್ವವು ಪ್ರೋಟೀನಲ್ಲ, ಪ್ರೋಟೀನು ಅದನ್ನು ಹೊರುವ ವಾಹಕ ಮಾತ್ರ ಎಂಬುದು ಅವರ ವಾದ. ಅವರ ಶುದ್ಧ ದ್ರಾವಣಗಳಲ್ಲಿ ಪ್ರೋಟೀನು ಕಾಣಿಸಿರಲಿಲ್ಲ. ಆದರೆ ಆ ದ್ರಾವಣಗಳು ತೀರ ತೆಳುವಾಗಿದ್ದವು. ಇದ್ದ ಅತ್ಯಲ್ಪ ಪ್ರೋಟೀನು ಆಗಿನ ಪರೀಕ್ಷೆಗಳಿಗೆ ಸಿಕ್ಕುತ್ತಿರಲಿಲ್ಲ. 1930ರಲ್ಲಿ ಜಾನ್ ನಾರ್ತ್ರಪ್ ಎಂಬವರು ಹೊಟ್ಟೆಯಲ್ಲಿ ಆಹಾರ ಜೀರ್ಣಿಸುವ ಪೆಪ್ಸಿನ್ ಕಿಣ್ವವನ್ನೂ ಹರಳಾಗಿಸಿದರು. ಅದೂ ಪ್ರೋಟೀನೇ! ಮೆಲ್ಲಮೆಲ್ಲನೆ ಸಂದೇಹ ಕರಗಿತು.

1946ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನದ ಅರ್ಧಭಾಗ ಸಮ್ನರರಿಗೆ ಸಂದಿತು. ಉಳಿದರ್ಧವನ್ನು ನಾರ್ತ್ರಪ್ ಮತ್ತು ವೆಂಡೆಲ್ ಸ್ಟ್ಯಾನ್ಲಿ ಹಂಚಿಕೊಂಡರು. ಹರಳು ಸಿಕ್ಕಿ ಆಗ 20 ವರ್ಷಗಳಾಗಿದ್ದವು. ಸಮ್ನರ್ 1955ರ ಆಗಸ್ಟ್ 12ರಂದು ತೀರಿಕೊಂಡರು.