ಮಂಜೇಶ್ವರದ ಮನೆ ಮತ್ತು ‘ಗೊಲ್ಗೊಥಾ’ದ ಕವಿ

ಕನ್ನಡ ಕಾವ್ಯಕ್ಕೆ ಹೊಸ ಹಾದಿ ತೆರೆದ ಮೊದಲಿಗರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಅಗ್ರಗಣ್ಯರು. ಕ್ರೈಸ್ತರಾದ ನಮಗೆ ಅವರಲ್ಲಿ ಬೇರೊಂದು ಋಣವೂ ಉಂಟು. ಪ್ರಭು ಯೇಸುಕ್ರಿಸ್ತರ ಇಹಜೀವನದ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿ ಕನ್ನಡಕ್ಕೆ ಕೊಟ್ಟವರು ಅವರು. ತಪಸ್ಸುಕಾಲದ ಪ್ರತಿ ಶುಕ್ರವಾರ ಶಿಲುಬೆಯ ಹಾದಿಯನ್ನು ತಪ್ಪದೆ ನಡೆಸುವ ನಮ್ಮ ಮನೆಗಳಲ್ಲಿ ಈ ಕಾವ್ಯವನ್ನು ಓದಿದವರು ಎಷ್ಟು ಮಂದಿ ಎಂದು ಕೇಳಿಕೊಂಡರೆ ಉತ್ತರ ಅಷ್ಟೇನೂ ಸಮಾಧಾನ ತರುವಂಥದಲ್ಲ.

ಪೈಗಳು ಜನಿಸಿದ್ದು 1883ರ ಮಾರ್ಚ್ 23ರಂದು, ಮಂಜೇಶ್ವರದಲ್ಲಿದ್ದ ತಾಯಿಯ ತವರುಮನೆಯಲ್ಲಿ. ತಂದೆ ಮಂಗಳೂರಿನ ಸಾಹುಕಾರ ತಿಮ್ಮಪ್ಪ ಪೈ, ತಾಯಿ ದೇವಕಿಯಮ್ಮ. ಮನೆಮಾತು ಕೊಂಕಣಿ. ಮಂಗಳೂರಿನ ಶಾಲೆಯಲ್ಲಿ ಪಂಜೆ ಮಂಗೇಶರಾಯರೇ ಗುರುಗಳಾಗಿ ದೊರೆತರು. ಮುಂದೆ ಮದರಾಸಿನಲ್ಲಿ ಕಾಲೇಜು ಓದುತ್ತಿದ್ದಾಗ ಕುಟುಂಬದ ಹೊಣೆ ಹೆಗಲೇರಿ ಊರಿಗೆ ಮರಳಬೇಕಾಯಿತು, ಬಿ.ಎ. ಪದವಿ ಪೂರ್ಣಗೊಳ್ಳಲಿಲ್ಲ. ಪದವಿಯಿಲ್ಲದ ಆ ಮನುಷ್ಯ ಅನಂತರ ಸುಮಾರು 25 ಭಾಷೆಗಳ ಪರಿಚಯ ಮಾಡಿಕೊಂಡರೆಂಬುದು ಪ್ರಸಿದ್ಧ. ಪಾಳಿ, ಬಂಗಾಳಿ, ಗ್ರೀಕ್, ಲ್ಯಾಟಿನ್ ಎಲ್ಲವೂ ಅವರ ಓದಿನ ಕೋಣೆಯನ್ನು ಪ್ರವೇಶಿಸಿದವು.

1911ರಲ್ಲಿ ಅವರು ಪ್ರಾಸವನ್ನು ಬಿಟ್ಟು ಕವಿತೆ ಬರೆದರು. ಇಂದಿನವರಿಗೆ ಇದು ಸಣ್ಣ ಸಂಗತಿಯಾಗಿ ತೋರಬಹುದು. ಆದರೆ ಪ್ರತಿ ಪಾದದ ಎರಡನೆಯ ಅಕ್ಷರ ಹೊಂದಲೇಬೇಕೆಂಬ ಕಟ್ಟಳೆಯನ್ನು ಶತಮಾನಗಳಿಂದ ಪಾಲಿಸಿಬಂದ ಭಾಷೆಯಲ್ಲಿ ಅದನ್ನು ಕೈಬಿಡುವುದೆಂದರೆ ಹಿರಿಯರ ಮನೆಯ ನಡುಗಂಬವನ್ನು ಕಿತ್ತಂತೆಯೇ ಸರಿ. ಮನೆ ಬೀಳಲಿಲ್ಲ. ‘ಗಿಳಿವಿಂಡು’ ಸಂಕಲನ 1930ರಲ್ಲಿ ಹೊರಬಂತು. ಯೇಸುವಿನ ಕೊನೆಯ ದಿನವನ್ನು ಬರೆದ ಲೇಖನಿಯೇ ಬುದ್ಧನ ಕೊನೆಯ ದಿನವನ್ನು ‘ವೈಶಾಖಿ’ಯಲ್ಲಿ ಬರೆಯಿತು. 1949ರಲ್ಲಿ ಮದರಾಸು ಸರ್ಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು. 1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಇಷ್ಟೆಲ್ಲ ನಡೆದದ್ದು ಬಹುತೇಕ ಆ ಒಂದೇ ಮನೆಯಿಂದ. ಮಂಜೇಶ್ವರವನ್ನು ಬಿಟ್ಟು ದೊಡ್ಡ ಪಟ್ಟಣ ಸೇರುವ ಹಂಬಲ ಅವರಿಗಿರಲಿಲ್ಲ. 1927ರಲ್ಲಿ ಪತ್ನಿ ತೀರಿಕೊಂಡ ಮೇಲೆ ಪುಸ್ತಕಗಳೇ ಹೆಚ್ಚಿನ ಒಡನಾಡಿಗಳಾದವು. 1956ರ ನವೆಂಬರ್ 1ರಂದು ಕಾಸರಗೋಡು ಸೀಮೆ ಕೇರಳಕ್ಕೆ ಸೇರಿತು. ತಮ್ಮ ನೆಲ ಕನ್ನಡನಾಡಿನೊಳಗೆ ಇರಬೇಕೆಂದು ಬಯಸಿದ್ದ ವೃದ್ಧ ಕವಿ, ಮನೆಯ ಹೊಸ್ತಿಲು ದಾಟದೆಯೇ ಹೊರರಾಜ್ಯದವರಾದರು. ಆ ಕೊರಗು ಉಳಿದಿದ್ದಂತೆಯೇ 1963ರ ಸೆಪ್ಟೆಂಬರ್ 6ರಂದು ನಿಧನರಾದರು.

ಮುಂದೆ ಮನೆಯ ಗತಿ ಏನಾಯಿತು? ಉಪ್ಪಿನಬೆಟಗೇರಿಯ ಕಡೆಯ ನಮ್ಮ ಮಣ್ಣಿನ ಮಾಳಿಗೆ ಮನೆಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ: ಜನ ವಾಸವಿಲ್ಲದ ಮನೆ ಬಹಳ ದಿನ ನಿಲ್ಲದು. ಕರಾವಳಿಯಲ್ಲಂತೂ ಮಳೆಗಾಲ ಇನ್ನೂ ನಿರ್ದಯಿ. ಒಂದು ಹೆಂಚು ಸರಿದರೆ ಸಾಕು, ನೀರು ಪಕಾಸಿಗೆ ಇಳಿಯುತ್ತದೆ, ಮರ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ, ಕೊನೆಗೆ ಗೋಡೆ ಕುಸಿಯುತ್ತದೆ. ಪುಣ್ಯಕ್ಕೆ ಪೈಗಳ ಗ್ರಂಥಭಂಡಾರ ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿಗೆ ಸೇರಿ, ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರ ಬೆಳೆಯಿತು. ಪುಸ್ತಕಗಳು ಉಳಿದವು; ಮನೆ ಮಾತ್ರ ದಶಕಗಳ ಕಾಲ ಸೊರಗಿತು.

ಅದನ್ನು ಮತ್ತೆ ಎತ್ತಿ ನಿಲ್ಲಿಸುವ ಕಾರ್ಯದಲ್ಲಿ ವೀರಪ್ಪ ಮೊಯಿಲಿಯವರು ಮುಂದಾಳಾದರು. ಕೇರಳ, ಕರ್ನಾಟಕ ಎರಡೂ ಸರ್ಕಾರಗಳು ಕೈಜೋಡಿಸಿದವು. ಹಳೆಯ ಮನೆಯನ್ನು ದುರಸ್ತಿಗೊಳಿಸಿ, ಹಿತ್ತಲಲ್ಲಿ ಹೊಸ ಕಟ್ಟಡಗಳನ್ನು ಕಟ್ಟಿ, ಕವಿಯ ಮೊದಲ ಸಂಕಲನದ ಹೆಸರನ್ನೇ ಇಟ್ಟು 2017ರ ಜನವರಿಯಲ್ಲಿ ‘ಗಿಳಿವಿಂಡು’ ಸ್ಮಾರಕವನ್ನು ಉದ್ಘಾಟಿಸಲಾಯಿತು. ಯಾವ ಗಡಿರೇಖೆ ಕವಿಯನ್ನು ನೋಯಿಸಿತೋ ಅದರ ಎರಡೂ ಬದಿಯ ಹಣ ಅವರ ಮನೆಯ ಸೂರಿಗೆ ಸಂದಿತು. ನಮ್ಮ ಎಣಿಕೆಯಲ್ಲಿ ಈ ಇಡೀ ಕಥೆಯಲ್ಲಿ ಹೆಚ್ಚು ಸಂತೋಷ ಕೊಡುವ ಅಂಶ ಇದೇ.

ಸೆಮಿನರಿಯಲ್ಲಿ ಅರಿಸ್ಟಾಟಲನನ್ನು ಓದಿದವರಿಗೆ ಇಲ್ಲೊಂದು ಪ್ರಶ್ನೆ ಏಳದಿರದು. ಹೆಂಚು ಬದಲಾಯಿತು, ಮರ ಬದಲಾಯಿತು, ಗಾರೆ ಬದಲಾಯಿತು. ಅದು ಅದೇ ಮನೆ ಎನ್ನುವುದು ಯಾವ ಆಧಾರದಿಂದ? ದ್ರವ್ಯದಿಂದಲ್ಲ, ರೂಪದಿಂದ ಎಂದು ಆ ಗ್ರೀಕ್ ಗುರು ಹೇಳಿಯಾನು. ಆದರೆ ಕವಿಮನೆಯ ರೂಪ ಬರಿಯ ಮಾಡು ಗೋಡೆಗಳ ಆಕಾರವೆ? ಆ ಮನೆ ಮಾಡುತ್ತಿದ್ದ ಕೆಲಸವೇ ಅದರ ರೂಪ. ಪರರ ಮಾತನ್ನು, ಪರರ ದೇವರನ್ನು, ಪರರ ನೋವನ್ನು ಗೌರವದಿಂದ ಒಳಗೆ ಕರೆದು ಕೂರಿಸುವುದು ಅಲ್ಲಿ ನಡೆಯುತ್ತಿದ್ದ ಕೆಲಸ. ಜ್ಞಾನಸ್ನಾನ ಪಡೆಯದ ವ್ಯಕ್ತಿಯೊಬ್ಬರು ಶುಭಸಂದೇಶವನ್ನು ಅಷ್ಟು ಶ್ರದ್ಧೆಯಿಂದ ಓದಿ ಪ್ರಭುವಿನ ಯಾತನೆಯನ್ನು ತಮ್ಮ ಭಾಷೆಯಲ್ಲಿ ಅನುಭವಿಸಿದ್ದು ಹೀಗೆ. ಬಡಗಿ, ಗಾರೆಯವರು ಸೂರನ್ನು ಮರಳಿಸಬಲ್ಲರು. ಈ ಕೆಲಸವನ್ನು ಮರಳಿಸಲು ಓದುಗರೇ ಬೇಕು. ಪುಸ್ತಕ ಉಡುಪಿಯಲ್ಲಿ, ಮನೆ ಮಂಜೇಶ್ವರದಲ್ಲಿ ಇರುವಾಗ ಈ ಹೊಣೆ ಮತ್ತಷ್ಟು ಹೆಚ್ಚುತ್ತದೆ.

ಧಾರವಾಡ ಭಾಗದ ನಮ್ಮ ಕುಟುಂಬಗಳು ಕಾರ್ಕಳದ ಅತ್ತೂರಿಗೆ ಹರಕೆ ಹೊತ್ತು ಹೋಗುವುದುಂಟು. ಅಲ್ಲಿಂದ ಉಡುಪಿ ದೂರವಲ್ಲ. ಮಂಗಳೂರಿನಿಂದ ಮಂಜೇಶ್ವರ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್, ರೈಲು ನಿಲ್ದಾಣವೂ ಇದೆ. ಹೋಗುವವರು ‘ಗೊಲ್ಗೊಥಾ’ದ ಒಂದು ಪ್ರತಿಯನ್ನು ಜೊತೆಗೆ ಒಯ್ದು, ಆ ಮನೆಯ ಜಗಲಿಯಲ್ಲಿ ಮಕ್ಕಳಿಂದ ಒಂದೆರಡು ಪುಟ ಓದಿಸಲಿ.