ಛೇದದ ತೊಡಕು ಬಿಡಿಸಿದ ಮಹಾವೀರಾಚಾರ್ಯ

ಶಾಲೆ ಬಿಟ್ಟು ಎಷ್ಟೋ ವರ್ಷಗಳ ನಂತರ ಮತ್ತೆ ಲೆಕ್ಕ ಕಲಿಯಲು ಕೂರುವ ವಯಸ್ಕರು ಸಾಮಾನ್ಯವಾಗಿ ಎಡವುವುದು ಭಿನ್ನರಾಶಿಗಳ ಬಳಿ. ಕೂಡುವುದು, ಕಳೆಯುವುದು ಸಂತೆಯಲ್ಲೇ ರೂಢಿಯಾಗಿರುತ್ತದೆ. ಆದರೆ 5/12ಕ್ಕೆ 7/18 ಸೇರಿಸಬೇಕೆಂದಾಗ ಧೈರ್ಯ ಉಡುಗುತ್ತದೆ. ಈ ತೊಡಕನ್ನು ಒಂಬತ್ತನೆಯ ಶತಮಾನದಲ್ಲೇ ಬಿಡಿಸಿಟ್ಟವನು ಜೈನ ಗಣಿತಜ್ಞ ಮಹಾವೀರಾಚಾರ್ಯ.

ಆತ ಬದುಕಿದ್ದು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ. 814ರಿಂದ 878ರವರೆಗೆ ಆಳಿದ ಈ ಅರಸನ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. 'ಕವಿರಾಜಮಾರ್ಗ' ರೂಪುಗೊಂಡದ್ದೂ ಅವನ ಆಶ್ರಯದಲ್ಲೇ. ಸುಮಾರು 850ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದ ಆರಂಭದಲ್ಲಿ ಮಹಾವೀರಾಚಾರ್ಯ ಈ ದೊರೆಯನ್ನು ಸ್ತುತಿಸಿದ್ದಾನೆ. ಆರ್ಯಭಟ, ಬ್ರಹ್ಮಗುಪ್ತರ ಗಣಿತ ಖಗೋಳ ಗ್ರಂಥಗಳ ಅಧ್ಯಾಯಗಳಾಗಿ ಉಳಿದಿತ್ತು. ಈ ಕೃತಿಯಾದರೋ ಗಣಿತಕ್ಕೇ ಮೀಸಲು. ಅಡುಗೆ, ಸಂಗೀತ, ವೈದ್ಯ, ವಾಸ್ತು, ಛಂದಸ್ಸು ಯಾವುದೂ ಲೆಕ್ಕದ ಹೊರಗಿಲ್ಲ ಎಂಬುದು ಆತನ ನಿಲುವು.

ಒಂಬತ್ತು ಅಧ್ಯಾಯಗಳ, 1,100ಕ್ಕೂ ಹೆಚ್ಚು ಪದ್ಯಗಳ ಈ ಕೃತಿಯಲ್ಲಿ ಎರಡು ಅಧ್ಯಾಯಗಳು ಭಿನ್ನರಾಶಿಗಳಿಗೇ ಸಂದಿವೆ. ಬೇರೆ ಬೇರೆ ಛೇದಗಳ ರಾಶಿಗಳನ್ನು ಕೂಡಲು ಛೇದಗಳನ್ನೇ ಪರಸ್ಪರ ಗುಣಿಸುವುದು ಹಳೆಯ ದಾರಿ. ಹಾಗೆ ಮಾಡಿದರೆ ಮೇಲಿನ ಲೆಕ್ಕದ ಛೇದ 216 ಆಗುತ್ತದೆ, ಉತ್ತರ 174/216 ಎಂದು ಬರುತ್ತದೆ. ಅದನ್ನು ಮತ್ತೆ ಸಂಕ್ಷೇಪಿಸಬೇಕು. ಮಹಾವೀರಾಚಾರ್ಯ ತೋರಿದ ದಾರಿ 'ನಿರುದ್ಧ'. 12 ಮತ್ತು 18ಕ್ಕೆ ಸಮಾನವಾದ ಅಪವರ್ತನ 6. ಅದರಿಂದ ಭಾಗಿಸಿದಾಗ ಉಳಿಯುವುದು 2 ಮತ್ತು 3. ಈ ಮೂರನ್ನು ಗುಣಿಸಿದರೆ 36. ಈಗ 15/36 ಮತ್ತು 14/36 ಕೂಡಿ 29/36. ನಮ್ಮ ಪಠ್ಯಪುಸ್ತಕಗಳ ಲಘುತಮ ಸಾಮಾನ್ಯ ಅಪವರ್ತ್ಯ ಇದೇ.

ಗುಣಾಕಾರಕ್ಕೆ ಆತ ಹೇಳಿದ್ದು 'ವಜ್ರಾಪವರ್ತನ'. ಗುಣಿಸುವ ಮೊದಲೇ ಒಂದರ ಅಂಶವನ್ನೂ ಇನ್ನೊಂದರ ಛೇದವನ್ನೂ ಓರೆಯಾಗಿ ಹೊಡೆದುಹಾಕುವುದು. 3/8ನ್ನು 4/9ರಿಂದ ಗುಣಿಸುವಾಗ 3 ಮತ್ತು 9, 4 ಮತ್ತು 8 ಕರಗಿ ನೇರವಾಗಿ 1/6 ಸಿಗುತ್ತದೆ. ಒಣ ಸೂತ್ರಗಳ ಜೊತೆಗೆ ಒಂಟೆಗಳ ಹಿಂಡು, ದುಂಬಿಗಳು, ಹರಿದ ಮುತ್ತಿನ ಸರದ ಲೆಕ್ಕಗಳೂ ಅಲ್ಲಿವೆ.

ಆತ ತಪ್ಪಿದ್ದೂ ಉಂಟು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದದ್ದು ಇಂದು ಸಲ್ಲದು. ಇದನ್ನು ಮುಚ್ಚಿಟ್ಟು ಹೊಗಳಬೇಕಾದ ಅಗತ್ಯವಿಲ್ಲ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಕೃತಿಯನ್ನು ತೆಲುಗಿಗೆ ತಂದ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ಗಣಿತ ಗ್ರಂಥಗಳನ್ನು ಬರೆದ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಮೂಲ ಅಚ್ಚಾಯಿತು. 2000ದಲ್ಲಿ ಪದ್ಮಾವತಮ್ಮ ಅವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂತು.

ನಮ್ಮ ನೆಲದ ಗಣಿತವೆಂದು ಬೀಗುವುದು ಸುಲಭ. ಆದರೆ ಲೆಕ್ಕ ತನಗೆ ಹತ್ತುವುದಿಲ್ಲ ಎಂದು ನಂಬಿ ಕುಳಿತ ವಯಸ್ಕನಿಗೆ ಬೇಕಿರುವುದು ಹೆಮ್ಮೆಯಲ್ಲ, ದಾರಿ. ದೊಡ್ಡ ಸಂಖ್ಯೆಗೆ ಹೆದರುವ ಮೊದಲು ಅದರೊಳಗೆ ಸಮಾನವಾದದ್ದನ್ನು ಹುಡುಕು ಎಂಬ ಮಹಾವೀರಾಚಾರ್ಯನ ಪಾಠ ಸಾಕ್ಷರತಾ ತರಗತಿಗಳಿಗೆ ತಲುಪಿದರೆ, ಆತನನ್ನು ನೆನೆಯುವುದಕ್ಕೆ ಅರ್ಥ ಬಂದೀತು.