ಗೌಹರ್ ಜಾನ್: ಅರಗಿನ ತಟ್ಟೆಯಲ್ಲಿ ಉಳಿದ ಬದುಕು

ಭಾರತೀಯ ಸಂಗೀತದ ಚರಿತ್ರೆಯನ್ನು ಗುರುಪರಂಪರೆ, ಘರಾಣೆ ಹಾಗೂ ರಾಜಾಶ್ರಯಗಳ ನೆಲೆಯಿಂದ ಬರೆಯುವುದು ರೂಢಿ. ಈ ಚೌಕಟ್ಟಿನಲ್ಲಿ ಗೌಹರ್ ಜಾನ್ ಅವರಿಗೆ ಬಹುಕಾಲ ದೊರೆತದ್ದು ಅಂಚಿನ ಸ್ಥಾನ. ಗ್ರಾಮಫೋನ್ ತಟ್ಟೆಯನ್ನು ಚರಿತ್ರೆಯ ಆಕರವೆಂದು ಒಪ್ಪಿಕೊಂಡಾಗ ಆಕೆ ಕೇಂದ್ರಕ್ಕೆ ಬರುತ್ತಾರೆ. ಆದ್ದರಿಂದ ಆಕೆಯ ಜೀವನವನ್ನು ಆಕೆಯ ಧ್ವನಿಮುದ್ರಿಕೆಗಳ ಜೊತೆಗಿಟ್ಟೇ ಪರಿಶೀಲಿಸಬೇಕಾಗುತ್ತದೆ.

1873ರಲ್ಲಿ ಆಜಮ್‌ಗಢದಲ್ಲಿ ಜನಿಸಿದ ಆಕೆಯ ಮೊದಲ ಹೆಸರು ಆಂಜೆಲಿನಾ ಯೋವರ್ಡ್. ತಂದೆ ಅರ್ಮೇನಿಯನ್ ಮೂಲದವರು. ತಾಯಿ ವಿಕ್ಟೋರಿಯಾ ಸಂಗೀತ, ನೃತ್ಯ ಬಲ್ಲವರು. ದಾಂಪತ್ಯ ಮುರಿದ ಮೇಲೆ ತಾಯಿ ಮಗಳೊಂದಿಗೆ ಕಾಶಿಗೆ ಬಂದು, ಇಸ್ಲಾಂ ಸ್ವೀಕರಿಸಿ ಮಲ್ಕಾ ಜಾನ್ ಎನಿಸಿದರು. ಮಗಳು ಗೌಹರ್ ಆದರು. 1883ರ ಸುಮಾರಿಗೆ ಇಬ್ಬರೂ ಕಲ್ಕತ್ತೆಗೆ ನೆಲೆ ಬದಲಿಸಿದರು. ಅಲ್ಲಿ ಗೌಹರ್ ಕಥಕ್ ಗುರು ಬಿಂದಾದೀನ್ ಮಹಾರಾಜರೇ ಮೊದಲಾದವರಲ್ಲಿ ಶಿಕ್ಷಣ ಪಡೆದರು. 1887ರಲ್ಲಿ ದರ್ಭಾಂಗಾ ಆಸ್ಥಾನದಲ್ಲಿ ಆಕೆಯ ಮೊದಲ ಕಛೇರಿ ನಡೆಯಿತು.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಧ್ವನಿಮುದ್ರಣ ನಡೆಸಿದರು. ಭಾರತದ ನೆಲದಲ್ಲಿ ಮೊದಲು ಧ್ವನಿಮುದ್ರಿತರಾದವರು ಗೌಹರ್ ಜಾನ್ ಎಂಬ ಮಾತು ಜನಪ್ರಿಯವಾಗಿದೆ. ಆದರೆ ಆಕೆಗಿಂತ ಕೆಲವೇ ದಿನ ಮುಂಚೆ ರಂಗಭೂಮಿಯ ಶಶಿಮುಖಿ, ಫಣಿಬಾಲಾ ಎಂಬ ಇಬ್ಬರು ಹಾಡಿದ್ದರು. ಇದನ್ನು ತಿಳಿಸುವುದು ತಟ್ಟೆಗಳ ಮುದ್ರಣಸಂಖ್ಯೆಗಳ ಅನುಕ್ರಮ ಹಾಗೂ ಕಂಪನಿಯ ದಾಖಲೆ. ಈ ತಿದ್ದುಪಡಿಯಿಂದ ಗೌಹರ್ ಅವರ ಮಹತ್ವ ಕುಗ್ಗುವುದಿಲ್ಲ. ಹಲವು ಉಸ್ತಾದರು ಯಂತ್ರಕ್ಕೆ ಹಾಡಲು ಹಿಂಜರಿದ ಕಾಲದಲ್ಲಿ ಆ ಮಾಧ್ಯಮದ ಮಿತಿಯನ್ನೇ ಕಲೆಯಾಗಿ ಪಳಗಿಸಿದವರು ಆಕೆ. ಗಂಟೆಗಟ್ಟಲೆ ವಿಸ್ತರಿಸುವ ರಾಗವನ್ನು ಸುಮಾರು ಮೂರು ನಿಮಿಷಗಳಿಗೆ ಅಡಕಗೊಳಿಸಬೇಕಿತ್ತು. ಮೈಕ್ರೊಫೋನ್ ಇಲ್ಲದ್ದರಿಂದ ಕಹಳೆಯಾಕಾರದ ಕೊಳವೆಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಆ ತಟ್ಟೆಗಳಲ್ಲಿ ಕೇಳುವ ತಾರಕ ಕಂಠವನ್ನು ಆಕೆಯ ಸಹಜ ಶೈಲಿಯೆಂದು ನೇರವಾಗಿ ಗ್ರಹಿಸುವುದು ಈ ಕಾರಣದಿಂದ ಸಾಧುವಲ್ಲ. ಹಾಡು ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಸಾರುತ್ತಿದ್ದರು. ಮೇಣದ ಮೂಲಪ್ರತಿಗಳು ಜರ್ಮನಿಯ ಹ್ಯಾನೋವರ್‌ಗೆ ಹೋಗುತ್ತಿದ್ದವು; ಅಲ್ಲಿನ ಕೆಲಸಗಾರರಿಗೆ ಗಾಯಕರ ಗುರುತು ಸಿಗಬೇಕಿತ್ತು. ಕಾರ್ಖಾನೆಯ ಅಗತ್ಯಕ್ಕೆ ಹುಟ್ಟಿದ ಈ ಪದ್ಧತಿ ಹೆಣ್ಣೊಬ್ಬಳ ಸ್ವಂತ ಅಂಕಿತವಾಗಿ ಉಳಿಯಿತು.

1902ರಿಂದ 1920ರವರೆಗೆ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಆಕೆಯ ಸುಮಾರು 600 ಹಾಡುಗಳು ಮುದ್ರಿತವಾದವೆಂದು ಎಣಿಸಲಾಗಿದೆ. ಖ್ಯಾಲ್, ಠುಮ್ರಿ, ದಾದ್ರಾ, ಕಜರಿ, ಭಜನೆಗಳು ಮೆಹಫಿಲಿನ ಹೊಸ್ತಿಲು ದಾಟಿ ಮಧ್ಯಮವರ್ಗದ ಮನೆಗಳಿಗೆ ಬಂದವು. ತವಾಯಫ್‌ಳ ಮನೆಗೆ ಕಾಲಿಡಲು ಸಂಕೋಚಪಡುವವರೂ ಆಕೆಯ ಹಾಡನ್ನು ಅಂಗಡಿಯಲ್ಲಿ ಕೊಂಡು ಕೇಳಬಹುದಾಯಿತು. ಆದರೆ ಕಂಠಕ್ಕೆ ಸಿಕ್ಕ ಈ ಮನ್ನಣೆ ಗಾಯಕಿಯ ಬದುಕಿಗೆ ಭದ್ರತೆ ತರಲಿಲ್ಲ. ಆಸ್ತಿಯ ವ್ಯಾಜ್ಯಗಳು, ನಂಬಿದವರೊಂದಿಗಿನ ವಿರಸ ಆಕೆಯ ಸಂಪತ್ತನ್ನು ಕರಗಿಸಿದವು.

1928ರ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಆಕೆಯನ್ನು ವಿದುಷಿಯಾಗಿ ನೇಮಿಸಿಕೊಂಡಿತು. ಒಂದೂವರೆ ವರ್ಷವೂ ತುಂಬುವ ಮೊದಲೇ, 1930ರ ಜನವರಿ 17ರಂದು ಆಕೆ ಮೈಸೂರಿನಲ್ಲಿ ನಿಧನರಾದರು.

ಆ ಬಳಿಕ ಆಕೆಯ ಕಂಠವನ್ನು ಉಳಿಸಿದವರಲ್ಲಿ ಹಳೆಯ ಸಾಮಾನಿನ ವ್ಯಾಪಾರಿಗಳದೂ ಸಂಗ್ರಾಹಕರದೂ ದೊಡ್ಡ ಪಾಲು. ಅರಗು ಬೆರೆತ ಆ ತಟ್ಟೆ ಕೈಜಾರಿದರೆ ಚೂರಾಗುತ್ತದೆ. ಮುಂಬಯಿಯ ಚೋರ್ ಬಜಾರ್, ಕೋಲ್ಕತ್ತದ ಫ್ರೀ ಸ್ಕೂಲ್ ಸ್ಟ್ರೀಟ್‌ಗಳ ಅಂಗಡಿಗಳು ಹಳೆಯ ತಟ್ಟೆಗಳನ್ನು ಹುಡುಕುವವರಿಗೆ ಆಕರಕೇಂದ್ರಗಳೇ ಆಗಿದ್ದವು. 1990ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಭಾರತೀಯ ಧ್ವನಿಮುದ್ರಿಕಾ ಸಂಗ್ರಾಹಕರ ಸಂಘ, ಮೈಕೆಲ್ ಕಿನ್ನಿಯರ್ 1994ರಲ್ಲಿ ಪ್ರಕಟಿಸಿದ ಧ್ವನಿಮುದ್ರಿಕೆಗಳ ಸೂಚಿ, ವಿಕ್ರಮ್ ಸಂಪತ್ ಅವರ 2010ರ ಜೀವನಚರಿತ್ರೆ ಈ ಚದುರಿದ ಸಾಮಗ್ರಿಗೆ ವಿದ್ವತ್ತಿನ ರೂಪ ಕೊಟ್ಟವು. ತಾಳೆಗರಿ, ಶಾಸನಗಳ ಸಂಗ್ರಹಕ್ಕೆ ಒಂದು ಶಿಸ್ತನ್ನೇ ಕಟ್ಟಿಕೊಂಡ ಕನ್ನಡ ಸಂಶೋಧನೆ ಗ್ರಾಮಫೋನ್ ತಟ್ಟೆಗೂ ಅದೇ ಗೌರವ ನೀಡಬೇಕು. ಒಂದು ತಟ್ಟೆ ಒಡೆದರೆ ನಷ್ಟವಾಗುವುದು ಹಾಡೊಂದೇ ಅಲ್ಲ, ಬೇರೆಲ್ಲೂ ದಾಖಲಾಗದ ಒಂದು ಸಾಕ್ಷ್ಯವೂ ಹೌದು.